ಅಲ್ಪಾವಧಿಯ ಗ್ರಹಣಕಾರಿ ಯಮಳ ನಕ್ಷತ್ರಗಳು: ಅವುಗಳ ಶೋಧನೆ ಮತ್ತು ಪಟ್ಟೀಕರಣ

ಬರಿಗಣ್ಣಿಗೆ ಒಂದೇ ಎಂದು ತೋರುವ ಅನೇಕ ನಕ್ಷತ್ರಗಳು ವಾಸ್ತವವಾಗಿ ಎರಡೆರಡು ನಕ್ಷತ್ರಗಳ ಜೋಡಿಗಳಾಗಿವೆ. ಇಂತಹ ಜೋಡಿಯ ಕಕ್ಷಾತಲವು ನಮ್ಮ ದೃಷ್ಟಿರೇಖೆಗೆ ಸಮೀಪವಾಗಿದ್ದಲ್ಲಿ, ಒಂದು ನಕ್ಷತ್ರವು ಮತ್ತೊಂದನ್ನು ಸರದಿಯಂತೆ ಮರೆಮಾಡುವುದು. ಆಗ ಜೋಡಿಯ ಒಟ್ಟು ಕಾಂತಿಯು ಇಳಿದು ಪುನಃ ಏರುವುದು. ಇವನ್ನು ಗ್ರಹಣಕಾರಿ ಯಮಳಗಳೆನ್ನುವರು. ಇವುಗಳಲ್ಲಿ ಒಂದು ದಿನಕ್ಕಿಂತ ಕಡಿಮೆ ಕಾಲದಲ್ಲಿ ಪರಿಭ್ರಮಣವನ್ನು ಮುಗಿಸುವ ಯಮಳಗಳನ್ನು ಆಕಾಶ ಸಮೀಕ್ಷೆಗಳಿಂದ ಹೇಗೆ ಗುರುತಿಸುವರು, ಪಟ್ಟಿಯಲ್ಲಿ ಹೇಗೆ ದಾಖಲಿಸುವರು, ಆ ದಾಖಲೆಯಲ್ಲಿ ಒಂದು ಅಂಕಿ ತಪ್ಪಿದರೆ ಏನಾಗುವುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗಳನ್ನು ಸಾಧ್ಯವಾದಷ್ಟು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಪ್ರದೇಶದ ವೀಕ್ಷಕನ ದೃಷ್ಟಿಯಿಂದ ಆರಿಸಿದೆ. ಈ ನಾಲ್ಕು ಊರುಗಳೂ 16 ಅಂಶ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಒಂದಕ್ಕೆ ಹೇಳಿದುದು ಉಳಿದವಕ್ಕೂ ಅನ್ವಯಿಸುವುದು.

1. ಯಮಳಗಳ ಸ್ವರೂಪ

ಪರ್ಸಿಯಸ್ ಪುಂಜದ ಅಲ್ಗಾಲ್ ನಕ್ಷತ್ರವು 2 ದಿನ 20 ಗಂಟೆ 49 ನಿಮಿಷಗಳಿಗೊಮ್ಮೆ ಮಂಕಾಗುವುದೆಂದು 1783ರಲ್ಲಿ ಇಂಗ್ಲೆಂಡಿನ ಜಾನ್ ಗುಡ್ರಿಕ್ ತಿಳಿಸಿದನು. ಆಗ ಆತನಿಗೆ 18 ವರ್ಷ. ಕಿವಿ ಕೇಳಿಸದ ತರುಣ. ಕಾಣದ ಕಾಯವೊಂದು ನಕ್ಷತ್ರಕ್ಕೆ ಅಡ್ಡಬರುತ್ತಿರಬಹುದೆಂದು ಆತನು ಊಹಿಸಿದುದು ಮುಂದೆ ನಿಜವಾಯಿತು. ಅಲ್ಗಾಲ್ ಬಗೆಯ ಯಮಳಗಳಲ್ಲಿ ಎರಡು ನಕ್ಷತ್ರಗಳ ನಡುವೆ ಅಂತರವಿರುವುದು. ಗ್ರಹಣವಿಲ್ಲದಾಗ ಕಾಂತಿಯು ಬಹುಮಟ್ಟಿಗೆ ಸ್ಥಿರವಾಗಿರುವುದು.

1903ರಲ್ಲಿ ಜರ್ಮನಿಯ ಮ್ಯೂಲರ್ ಮತ್ತು ಕೆಂಫ್ ಎಂಬವರು ಸಪ್ತರ್ಷಿಮಂಡಲವನ್ನೊಳಗೊಂಡ ಪುಂಜದಲ್ಲಿ ಬೇರೊಂದು ಬಗೆಯನ್ನು ಕಂಡರು. ಡಬ್ಲ್ಯು ಉರ್ಸೀ ಮೇಜರಿಸ್ ಎಂಬ ಆ ಯಮಳದ ಅವಧಿ ಕೇವಲ 8 ಗಂಟೆ. ಇಲ್ಲಿ ಎರಡು ನಕ್ಷತ್ರಗಳೂ ಪರಸ್ಪರ ತಾಗಿಕೊಂಡು ಒಂದೇ ಹೊರಪದರವನ್ನು ಹಂಚಿಕೊಂಡಿವೆ. ಆಕಾರವು ಎರಡು ಕಾಳಿನ ಶೇಂಗಾಕಾಯಿಯನ್ನು ಹೋಲುವುದು. ಆದುದರಿಂದ ಕಾಂತಿಯು ಒಂದು ಕ್ಷಣವೂ ನಿಲ್ಲದೆ ಏರಿಳಿಯುತ್ತಿರುವುದು, ಮತ್ತು ಎರಡು ಗ್ರಹಣಗಳ ಆಳವೂ ಹೆಚ್ಚುಕಡಿಮೆ ಸಮನಾಗಿರುವುದು. ಇವೇ ಸ್ಪರ್ಶಯಮಳಗಳು. ಈ ಎರಡರ ನಡುವಿನದು ಬೀಟಾ ಲೈರೇ ಬಗೆ.

ಸ್ಪರ್ಶಯಮಳಗಳ ಅವಧಿಯು ಸುಮಾರು 0.22 ದಿನಕ್ಕಿಂತ, ಎಂದರೆ ಐದೂಕಾಲು ಗಂಟೆಗಿಂತ, ಕಡಿಮೆಯಾಗಿರುವುದು ವಿರಳ. ಅತಿ ಚಿಕ್ಕ ನಕ್ಷತ್ರಗಳ ಒಳರಚನೆಯೇ ಇದಕ್ಕೆ ಕಾರಣವೆಂದು ಕೆಲವರೂ, ಅಂತಹ ನಕ್ಷತ್ರಗಳು ಪರಸ್ಪರ ಸಮೀಪಿಸಲು ವಿಶ್ವದ ವಯಸ್ಸೇ ಸಾಲದೆಂದು ಕೆಲವರೂ ವಾದಿಸುವರು. ಈ ಎಲ್ಲೆಯನ್ನು ಮೀರಿದ ಒಂದೊಂದು ಯಮಳವೂ ಆ ವಾದಕ್ಕೆ ಸಾಕ್ಷಿ. ಆದರೆ ಸಾಕ್ಷಿಯನ್ನು ನಂಬುವ ಮೊದಲು ಅದರ ಅವಧಿಯನ್ನು ಸರಿಯಾಗಿ ಅಳೆಯಲಾಗಿದೆಯೇ ಎಂದು ಪರೀಕ್ಷಿಸಬೇಕಾಗುವುದು.

2. ಆಕಾಶ ಸಮೀಕ್ಷೆಗಳು

ಹಿಂದೆ ಖಗೋಳಜ್ಞನು ಒಂದು ನಕ್ಷತ್ರವನ್ನು ಆರಿಸಿಕೊಂಡು ರಾತ್ರಿಯೆಲ್ಲ ಅದನ್ನೇ ನೋಡುತ್ತಿದ್ದನು. ಸಮೀಕ್ಷೆಯಲ್ಲಿ ಯಂತ್ರವು ಆಕಾಶದ ವಿಶಾಲ ಭಾಗಗಳನ್ನು ಮತ್ತೆ ಮತ್ತೆ ಚಿತ್ರಿಸುವುದು. ಪ್ರತಿ ಚಿತ್ರದಲ್ಲಿಯೂ ಲಕ್ಷಾಂತರ ನಕ್ಷತ್ರಗಳ ಕಾಂತಿಯನ್ನು ಗಣಕಯಂತ್ರವು ಅಳೆಯುವುದು. 1992ರಲ್ಲಿ ಆರಂಭವಾದ ಓಗಲ್, 2018ರಲ್ಲಿ ಆರಂಭವಾದ ಜ್ವಿಕ್ಕಿ ಸಮೀಕ್ಷೆ ಇವು ಭೂಮಿಯ ಮೇಲಿನವು. ಕೆಪ್ಲರ್ ಮತ್ತು ಟೆಸ್ ವ್ಯೋಮನೌಕೆಗಳಲ್ಲಿನವು. ಕೆಪ್ಲರ್ ಪಟ್ಟಿಯಲ್ಲಿ 2,878 ಯಮಳಗಳೂ, ಟೆಸ್ ನೌಕೆಯ ಮೊದಲ ಎರಡು ವರ್ಷಗಳ ಪಟ್ಟಿಯಲ್ಲಿ 4,584 ಯಮಳಗಳೂ ಇವೆ. ಗೈಯಾ ನೌಕೆಯ 2022ರ ಪ್ರಕಟಣೆಯಲ್ಲಿಯಾದರೋ ಸಂಖ್ಯೆಯು 21,84,477ಕ್ಕೆ ಏರಿತು. ಆದರೆ ಇವು ‘ಸಂಭಾವ್ಯ’ ಯಮಳಗಳು. ಗಣಕಯಂತ್ರದ ಆಯ್ಕೆಗಳೇ ಹೊರತು ಒಂದೊಂದಾಗಿ ಪರೀಕ್ಷಿತವಾದವಲ್ಲ. ಪಟ್ಟಿಯು ದೊಡ್ಡದಾದಂತೆ ಪರೀಕ್ಷಕನ ಹೊಣೆಯೂ ದೊಡ್ಡದಾಗುವುದು.

3. ಅವಧಿಯ ನಿರ್ಣಯ

ಸಮೀಕ್ಷೆಯಿಂದ ದೊರೆಯುವುದು ತಿಂಗಳುಗಟ್ಟಲೆ ಚದುರಿದ ಬಿಡಿ ಅಳತೆಗಳು. ಇವುಗಳಿಂದ ಒಂದು ಪರಿಭ್ರಮಣದ ಕಾಂತಿರೇಖೆಯನ್ನು ಪಡೆಯುವ ಕ್ರಮಕ್ಕೆ ‘ಮಡಿಸುವುದು’ ಎಂದು ಹೆಸರು. ಇದನ್ನು ಚೌಕಳಿಯ ಇಳಕಲ್ ಸೀರೆಯಿಂದ ತಿಳಿಯಬಹುದು. ಸೀರೆಯ ಒಡಲನ್ನು ಚೌಕಳಿಯ ಅಳತೆಗೆ ಸರಿಯಾಗಿ ಮಡಿಸುತ್ತ ಹೋದರೆ ಗೆರೆಯ ಮೇಲೆ ಗೆರೆ ಕೂಡುವುದು. ಅಳತೆಯಲ್ಲಿ ಒಂದು ಎಳೆಯಷ್ಟು ತಪ್ಪಿದರೂ ಹತ್ತನೆಯ ಮಡಿಕೆಯ ವೇಳೆಗೆ ಗೆರೆಗಳು ಜಾರಿಹೋಗುವವು. ಹಾಗೆಯೇ ಕಾಲವನ್ನು ಬೇರೆ ಬೇರೆ ಅವಧಿಗಳಿಂದ ಮಡಿಸಿ, ಯಾವ ಅವಧಿಯಲ್ಲಿ ಅಳತೆಗಳು ಒಂದೇ ರೇಖೆಯ ಮೇಲೆ ಕೂಡುವುವೋ ಅದನ್ನು ಸ್ವೀಕರಿಸುವರು.

ಇಲ್ಲಿ ಎರಡು ಮೋಸಗಳಿವೆ. ಸೀರೆಯಲ್ಲಿ ಒಂದು ಗೆರೆ ಕೆಂಪು, ಮರುಗೆರೆ ತುಸುವೇ ಗಾಢವಾದ ಕೆಂಪು ಎಂದಿಟ್ಟುಕೊಳ್ಳೋಣ. ನಸುಬೆಳಕಿನಲ್ಲಿ ಮಡಿಸುವವನು ಎರಡನ್ನೂ ಒಂದೆಂದೇ ಬಗೆದು ಅರ್ಧ ಅಳತೆಗೆ ಮಡಿಸುವನು. ಸ್ಪರ್ಶಯಮಳದ ಎರಡು ಗ್ರಹಣಗಳೂ ಸಮಾನವಾಗಿ ತೋರುವುದರಿಂದ ಗಣಕಯಂತ್ರವು ಹೀಗೆಯೇ ಅರ್ಧ ಅವಧಿಯನ್ನು ಕೊಡುವುದು. ಎಂಟು ಗಂಟೆಯ ಯಮಳವು ನಾಲ್ಕು ಗಂಟೆಯದಾಗಿ, ಮೇಲೆ ಹೇಳಿದ ಎಲ್ಲೆಯನ್ನು ಸುಳ್ಳಾಗಿಯೇ ದಾಟುವುದು. ಆದುದರಿಂದ ಇಮ್ಮಡಿ ಅವಧಿಯಿಂದಲೂ ಮಡಿಸಿ, ಎರಡು ಇಳಿತಗಳ ಆಳದಲ್ಲಿ ವ್ಯತ್ಯಾಸವುಂಟೇ ಎಂದು ನೋಡುವುದು ಕಡ್ಡಾಯ.

ಎರಡನೆಯದು ನಮ್ಮ ದಿನದಿಂದಲೇ ಹುಟ್ಟುವ ಮೋಸ. ಡಬ್ಲ್ಯು ಉರ್ಸೀ ಮೇಜರಿಸ್ ಯಮಳದ ಅವಧಿ 0.3336 ದಿನ, ಮೂರು ಅವಧಿಗಳು ಸೇರಿದರೆ ಒಂದು ದಿನಕ್ಕಿಂತ ಸುಮಾರು 1.3 ನಿಮಿಷ ಮಾತ್ರ ಹೆಚ್ಚು. ಬಾದಾಮಿಯಲ್ಲಿ ಇಂದು ರಾತ್ರಿ 9 ಗಂಟೆಗೆ ಅದು ಕನಿಷ್ಠ ಕಾಂತಿಯಲ್ಲಿದ್ದರೆ, ನಾಳೆಯೂ ಹೆಚ್ಚುಕಡಿಮೆ ಅದೇ ವೇಳೆಗೆ ಅದೇ ಸ್ಥಿತಿಯಲ್ಲಿರುವುದು. ಪ್ರತಿರಾತ್ರಿ 9 ಗಂಟೆಗೆ ಒಂದೇ ಅಳತೆಯನ್ನು ಮಾಡುವ ವೀಕ್ಷಕನಿಗೆ ಈ ಪರಿಭ್ರಮಣಕ್ಕೆ ಸುಮಾರು ಒಂದು ವರ್ಷ ಹಿಡಿಯುವಂತೆ ತೋರುವುದು! ಒಂದೇ ರಾತ್ರಿಯಲ್ಲಿ ಹಲವು ಗಂಟೆಗಳ ಕಾಲ ಎಡೆಬಿಡದೆ ಅಳೆಯುವುದು, ಅಥವಾ ಬೇರೆ ರೇಖಾಂಶದ ವೀಕ್ಷಣಾಲಯದ ಅಳತೆಗಳನ್ನು ಕೂಡಿಸುವುದು, ಇದಕ್ಕೆ ಪರಿಹಾರ.

4. ವೇಷಧಾರಿಗಳು

ಕಾಂತಿಯು ಏರಿಳಿಯುವ ನಕ್ಷತ್ರಗಳೆಲ್ಲ ಯಮಳಗಳಲ್ಲ. ಆರ್ ಆರ್ ಲೈರೇ ಜಾತಿಯ ಕೆಲವು ನಕ್ಷತ್ರಗಳು ತಾವೇ ಹಿಗ್ಗಿ ಕುಗ್ಗಿ, ಸ್ಪರ್ಶಯಮಳದಂತಹುದೇ ನಯವಾದ ರೇಖೆಯನ್ನು ಕೊಡುವುವು. ಇವನ್ನು ಬಣ್ಣದಿಂದ ಬೇರ್ಪಡಿಸಬಹುದು: ಹಿಗ್ಗಿ ಕುಗ್ಗುವ ನಕ್ಷತ್ರದ ಉಷ್ಣತೆಯೂ ಬದಲಾಗುವುದರಿಂದ ಬಣ್ಣವು ಬದಲಾಗುವುದು, ಸ್ಪರ್ಶಯಮಳದ ಎರಡು ಭಾಗಗಳ ಉಷ್ಣತೆಯೂ ಸುಮಾರಾಗಿ ಒಂದೇ ಆದುದರಿಂದ ಬಣ್ಣವು ಬಹುತೇಕ ಸ್ಥಿರ. ಅನುಮಾನವುಳಿದಲ್ಲಿ ವರ್ಣಪಟಲವೇ ನಿರ್ಣಾಯಕ. ಮತ್ತೊಂದು ತೊಡಕು ನೆರೆಯ ನಕ್ಷತ್ರಗಳದು. ಟೆಸ್ ಚಿತ್ರದ ಒಂದು ಬಿಂದುವು ಆಕಾಶದಲ್ಲಿ 21 ವಿಕಲೆಗಳಷ್ಟು ಅಗಲವಾದುದು. ಅದರೊಳಗೆ ಹಲವು ನಕ್ಷತ್ರಗಳ ಬೆಳಕು ಬೆರೆಯಬಹುದು. ಗ್ರಹಣವು ಯಾವುದರದೆಂದು ತಿಳಿಯಲು ಸೂಕ್ಷ್ಮವಾಗಿ ಬಿಡಿಸಿ ತೋರಿಸುವ ದೂರದರ್ಶಕವೇ ಬೇಕು.

5. ದಾಖಲೆ ಮತ್ತು ಕಾಲನಿರ್ದೇಶ

ಪಟ್ಟಿಯಲ್ಲಿ ಪ್ರತಿ ಯಮಳಕ್ಕೂ ಸ್ಥಾನ, ಕಾಂತಿಯ ವ್ಯಾಪ್ತಿ, ಬಗೆ, ಅವಧಿ, ಹಾಗೂ ಒಂದು ಗ್ರಹಣದ ನಿಖರ ಕಾಲ ಇವನ್ನು ಬರೆಯುವರು. ಕಡೆಯದಕ್ಕೆ ಹೆಚ್ಚಿನ ಎಚ್ಚರ ಅಗತ್ಯ. ಜೂಲಿಯನ್ ದಿನವು ಗ್ರೀನಿಚ್ ಮಧ್ಯಾಹ್ನಕ್ಕೆ, ಎಂದರೆ ನಮ್ಮ ಸಂಜೆ 5.30ಕ್ಕೆ ಆರಂಭವಾಗುವುದು, ಅದರ ಪರಿಷ್ಕೃತ ರೂಪವು ಗ್ರೀನಿಚ್ ಮಧ್ಯರಾತ್ರಿಗೆ ಆರಂಭವಾಗುವುದು. ಯಾವುದನ್ನು ಬಳಸಿದೆಯೆಂದು ಹೇಳದಿದ್ದರೆ ಅರ್ಧದಿನದ ಗೊಂದಲವು ನುಸುಳುವುದು. ಭೂಮಿಯು ಸೂರ್ಯನನ್ನು ಸುತ್ತುವುದರಿಂದ ಬೆಳಕು ಬರುವ ಕಾಲದಲ್ಲಿ ಉಂಟಾಗುವ, ಗರಿಷ್ಠ 8.3 ನಿಮಿಷಗಳ ವ್ಯತ್ಯಾಸವನ್ನೂ ತಿದ್ದಬೇಕು.

ಇದು ಕೇವಲ ಔಪಚಾರಿಕ ನಿಯಮವಲ್ಲ. ವೃಶ್ಚಿಕ ಪುಂಜದ ವಿ 1309 ಎಂಬ ತಾರೆಯು 2008ರಲ್ಲಿ ಹಠಾತ್ತಾಗಿ ಪ್ರಜ್ವಲಿಸಿತು. ಓಗಲ್ ಸಮೀಕ್ಷೆಯ ಹಳೆಯ ಅಳತೆಗಳನ್ನು ಪರಿಶೀಲಿಸಲಾಗಿ, ಅದು ಸುಮಾರು 1.4 ದಿನದ ಸ್ಪರ್ಶಯಮಳವಾಗಿತ್ತೆಂದೂ, ಅವಧಿಯು ಕುಗ್ಗುತ್ತ ಬಂದು ಎರಡು ನಕ್ಷತ್ರಗಳೂ ಒಂದಾದುವೆಂದೂ 2011ರಲ್ಲಿ ಪ್ರಕಟವಾಯಿತು. ಇದರಿಂದ ಪ್ರೇರಿತರಾಗಿ ವಿದ್ವಾಂಸರು ಇಂತಹುದೇ ಇನ್ನೊಂದನ್ನು ಹುಡುಕಿದರು. ಕೆಪ್ಲರ್ ಪಟ್ಟಿಯ 9832227ನೆಯ ಯಮಳವು 2022ರ ಸುಮಾರಿಗೆ ಒಂದಾಗುವುದೆಂದು 2017ರಲ್ಲಿ ಮುನ್ನುಡಿದರು. ಆದರೆ 1999ರ ಅಳತೆಯ ಕಾಲನಿರ್ದೇಶದಲ್ಲಿ 12 ಗಂಟೆಗಳ ದೋಷವಿದ್ದುದು 2018ರಲ್ಲಿ ಹೊರಬಿದ್ದು, ಮುನ್ನುಡಿಯು ಬಿದ್ದುಹೋಯಿತು. ಆ ಯಮಳದ ಅವಧಿ ಸುಮಾರು 11 ಗಂಟೆ; ಆದುದರಿಂದ 12 ಗಂಟೆಗಳ ದೋಷವು ಒಂದು ಪೂರ್ಣ ಅವಧಿಯ ಮರೆಯಲ್ಲಿ ಅಡಗಿ, ಕೇವಲ ಒಂದು ಗಂಟೆಯ ಪಲ್ಲಟದಂತೆ ಕಾಣುವುದು. ಅಂಕಿಯು ಅಸಂಭಾವ್ಯವಾಗಿ ತೋರದಿದ್ದುದೇ ಅದರ ಅಪಾಯ.

ಈ ಸಂದರ್ಭದಲ್ಲಿ ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಬಸದಿಯ ಶಾಸನವನ್ನು ಸ್ಮರಿಸಬಹುದು. ರವಿಕೀರ್ತಿಯು ಅಲ್ಲಿ ಕಾಲವನ್ನು ಶಕವರ್ಷ 556 ಎಂದೂ, ಭಾರತ ಯುದ್ಧದಿಂದ 3735 ಎಂದೂ ಎರಡು ಗಣನೆಗಳಲ್ಲಿ ಕೊಟ್ಟಿದ್ದಾನೆ. ಎರಡರ ವ್ಯತ್ಯಾಸವು 3179. ಇದು ಕಲಿ–ಶಕಗಳ ಪ್ರಸಿದ್ಧ ಅಂತರವೇ ಆದುದರಿಂದ ಒಂದು ಮತ್ತೊಂದನ್ನು ಸಮರ್ಥಿಸುವುದು. ಒಂದು ಅಂಕಿಯು ಸವೆದಿದ್ದರೂ ಇನ್ನೊಂದರಿಂದ ತಿದ್ದಬಹುದಾಗಿತ್ತು. ನಕ್ಷತ್ರಪಟ್ಟಿಗೂ ಇಂತಹುದೇ ದಾಖಲೆ ಬೇಕು: ಜೂಲಿಯನ್ ದಿನದೊಡನೆ ತಾರೀಖು ಮತ್ತು ಗಂಟೆಯನ್ನೂ ಬರೆದಿಡುವುದರಿಂದ ಅರ್ಧದಿನದ ತಪ್ಪು ತಾನಾಗಿಯೇ ಬಯಲಾಗುವುದು.

6. ನಮ್ಮ ಪ್ರದೇಶದಲ್ಲಿ ಸಾಧ್ಯವಾದ ಕಾರ್ಯ

ಬೃಹತ್ ಸಮೀಕ್ಷೆಗಳ ಕಾಲದಲ್ಲಿ ಸಣ್ಣ ಉಪಕರಣಕ್ಕೆ ಕೆಲಸವುಂಟೇ ಎಂದು ಕೇಳಬಹುದು. ಉಂಟು. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು. ಅಂತಹ ಉಪಕರಣದ ಸಮಯವನ್ನು ಮಂದವಾದ ತಾರೆಗಳಿಗಾಗಿ ಮೀಸಲಿಡುವುದು ಯುಕ್ತ. ಡಬ್ಲ್ಯು ಉರ್ಸೀ ಮೇಜರಿಸ್ ಆದರೋ ಎಂಟನೆಯ ಕಾಂತಿಮಾನದ ಆಸುಪಾಸಿನದು. ಅದು ನಮ್ಮಲ್ಲಿ ಉತ್ತರಕ್ಕೆ 50 ಅಂಶಗಳಷ್ಟು ಎತ್ತರಕ್ಕೆ ಏರುವುದು. ಏಪ್ರಿಲ್ ಆರಂಭದಲ್ಲಿ ರಾತ್ರಿ 9ರ ವೇಳೆಗೆ ಯಾಮ್ಯೋತ್ತರವನ್ನು ದಾಟುವುದು. ಚಿಕ್ಕ ದೂರದರ್ಶಕ, ಕ್ಯಾಮೆರಾ ಹಾಗೂ ನಂಬಲರ್ಹವಾದ ಗಡಿಯಾರ ಇದ್ದ ವಿದ್ಯಾರ್ಥಿಯು ಅದರ ಗ್ರಹಣಕಾಲವನ್ನು ಅಳೆಯಬಲ್ಲನು.

ಅವಧಿಯಲ್ಲಿ ದಿನದ ಹತ್ತುಲಕ್ಷದ ಒಂದು ಭಾಗದಷ್ಟು ತಪ್ಪಿದ್ದರೆ, ಈ ಯಮಳದ ಗ್ರಹಣವು ಒಂದು ವರ್ಷದಲ್ಲಿ ಒಂದೂವರೆ ನಿಮಿಷ, ಹತ್ತು ವರ್ಷದಲ್ಲಿ ಕಾಲುಗಂಟೆಯಷ್ಟು ಹಿಂದುಮುಂದಾಗುವುದು. ಇಷ್ಟು ಸಣ್ಣ ದೋಷವನ್ನು ಹಿಡಿಯಬಲ್ಲುದು ಉಪಕರಣದ ಗಾತ್ರವಲ್ಲ, ವರ್ಷದಿಂದ ವರ್ಷಕ್ಕೆ ಬಿಡದೆ ಬರೆದಿಟ್ಟ ಕಾಲಗಳ ಸಾಲು. ಸಮೀಕ್ಷೆಗಳು ಆರಂಭವಾಗಿ ಮುಗಿಯುವುವು. ಕೆಪ್ಲರ್ 2018ರಲ್ಲಿ ನಿಂತಿತು, ಗೈಯಾ 2025ರಲ್ಲಿ ವೀಕ್ಷಣೆಯನ್ನು ಮುಗಿಸಿತು. ಅವು ಬಿಟ್ಟ ಎಡೆಯನ್ನು ತುಂಬುವ ಅಳತೆಗಳು ಯಾವ ಊರಿನಿಂದ ಬಂದರೂ ಅವುಗಳ ಬೆಲೆ ಒಂದೇ. ಕಾಲವನ್ನು ಮಾತ್ರ ಸಂದೇಹಕ್ಕೆ ಎಡೆಯಿಲ್ಲದಂತೆ ಬರೆದಿರಬೇಕು.