ಮಾಂಸದ ಗರಗಸದಲ್ಲಿ ಮರ ಕೊಯ್ಯಬಹುದೇ?

ಪ್ರಶ್ನೆ: ಮಾಂಸದಂಗಡಿಯ ಹಳೇ ಬ್ಯಾಂಡ್‌ಸಾ ಗುಜರಿಯಲ್ಲಿ ಸಿಕ್ಕಿದೆ. ಮರಗೆಲಸಕ್ಕೆ ಆಗುತ್ತದೆಯೇ?
– ಓದುಗರು, ವೈ.ಎನ್.ಹೊಸಕೋಟೆ

ಉತ್ತರ: ಆಗುತ್ತದೆ, ಆದರೆ ಅದೇ ಬ್ಲೇಡಿನಲ್ಲಲ್ಲ. ಮೂಳೆಪುಡಿ ಕಡಿಮೆ ಬೀಳಲೆಂದು ಮಾಂಸದ ಬ್ಲೇಡಿನ ಹಲ್ಲುಗಳನ್ನು ಹೆಚ್ಚುಕಡಿಮೆ ನೇರವಾಗಿಯೇ ಬಿಟ್ಟಿರುತ್ತಾರೆ. ಮರದ ಬ್ಲೇಡಿನಲ್ಲಿ ಒಂದು ಹಲ್ಲು ಎಡಕ್ಕೆ, ಇನ್ನೊಂದು ಬಲಕ್ಕೆ ಬಾಗಿರುತ್ತದೆ. ಬಡಗಿಗಳು ಕೈಗರಗಸಕ್ಕೆ ಅರ ಹಾಕುವಾಗ ಹಲ್ಲು ಬಗ್ಗಿಸುವುದೂ ಇದಕ್ಕೇ. ಸೀಳು ಬ್ಲೇಡಿಗಿಂತ ಅಗಲವಾದರೆ ಮಾತ್ರ ಬ್ಲೇಡ್ ಸಲೀಸಾಗಿ ಓಡುತ್ತದೆ. ಇಲ್ಲವಾದರೆ ಮರ ಅದನ್ನು ಕಚ್ಚಿ ಹಿಡಿದು, ಸುಟ್ಟ ವಾಸನೆ ಏಳುತ್ತದೆ. ಮಾಂಸ ಕಡಿಯುವ ಕೊರಡಿಗೆ ಬಳಸುವ ಹುಣಸೆಯಂಥ ಗಟ್ಟಿ ಮರದಲ್ಲಂತೂ ಇನ್ನೂ ಬೇಗ.

ಆದ್ದರಿಂದ ಅಷ್ಟೇ ಉದ್ದದ ಮರದ ಬ್ಲೇಡ್ ಬೆಸುಗೆ ಹಾಕಿಸಿಕೊಳ್ಳಿ. ಮರದ ಯಂತ್ರದ ಚಕ್ರಗಳಿಗೆ ರಬ್ಬರ್ ಪಟ್ಟಿ ಇರುತ್ತದೆ, ಮಾಂಸದ್ದಕ್ಕೆ ಸಾಮಾನ್ಯವಾಗಿ ಬರೀ ಲೋಹ. ಹಲ್ಲುಗಳು ಚಕ್ರದ ಅಂಚಿನಿಂದ ಹೊರಗೆ ಚಾಚಿರಲಿ, ಇಲ್ಲದಿದ್ದರೆ ಬಾಗು ಸವೆದುಹೋಗುತ್ತದೆ. ಬ್ಲೇಡಿನ ಎರಡೂ ಬದಿಗೆ, ಬೆನ್ನಿಗೆ ಬೇರಿಂಗ್ ಗೈಡ್ ಕೂರಿಸಿ. ಜಾರುವ ಮೇಜನ್ನು ಬೋಲ್ಟ್ ಹಾಕಿ ಬಿಗಿಮಾಡಿ. ಹೊಟ್ಟು ಒಳಗೇ ತುಂಬಿಕೊಳ್ಳುತ್ತದೆ, ಪ್ಲಗ್ ಕಿತ್ತು ಆಗಾಗ ತೆಗೆಯಿರಿ.

ಒಮ್ಮೆ ಮರ ಕೊಯ್ದ ಯಂತ್ರವನ್ನು ದಯವಿಟ್ಟು ಮತ್ತೆ ಮಾಂಸಕ್ಕೆ ಬಳಸಬೇಡಿ, ಯಾರಿಗೂ ಹಾಗೆ ಮಾರಲೂಬೇಡಿ.