ಎದೆ ಸೀಳದೆ ಹೃದಯಕ್ಕೆ ಹೊಸ ಕವಾಟ

ನಮ್ಮ ಹೃದಯದಲ್ಲಿ ನಾಲ್ಕು ಕವಾಟಗಳಿವೆ. ಒಂದೇ ಕಡೆಗೆ ತೆರೆಯುವ ಬಾಗಿಲುಗಳಂತೆ, ಮುಂದೆ ಹೋದ ರಕ್ತವನ್ನು ಇವು ಹಿಂದಕ್ಕೆ ಬಿಡುವುದಿಲ್ಲ. ದಿನಕ್ಕೆ ಸುಮಾರು 1 ಲಕ್ಷ ಬಾರಿ ತೆರೆದು ಮುಚ್ಚುತ್ತವೆ. ವಯಸ್ಸಾದಂತೆ ಮಹಾಪಧಮನಿಯ ಕವಾಟಕ್ಕೆ ಕ್ಯಾಲ್ಸಿಯಂ ಕಟ್ಟಿ ಅದು ಬಿಗಿಯಾಗುವುದುಂಟು. ಆಗ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು, ತಲೆಸುತ್ತು.

ನನ್ನ ಸೋದರತ್ತೆಗೆ ಆದದ್ದೂ ಇದೇ. 79ರ ವಯಸ್ಸಿನಲ್ಲಿ ಎದೆಮೂಳೆ ಕೊಯ್ಯುವ ಶಸ್ತ್ರಚಿಕಿತ್ಸೆಯೆಂದರೆ ನಮಗೆಲ್ಲ ಭಯ. ವೈದ್ಯರು ಇನ್ನೊಂದು ದಾರಿ ಹೇಳಿದರು: ‘ಟಾವಿ’.

ಈ ದಾರಿ ತೆರೆದವರು ಫ್ರಾನ್ಸಿನ ರುವಾನ್ ನಗರದ ವೈದ್ಯ ಅಲೆನ್ ಕ್ರಿಬಿಯೆ. 1985ರಲ್ಲಿ ಅವರು ಬಿಗಿಯಾದ ಕವಾಟದೊಳಗೆ ಬಲೂನು ಉಬ್ಬಿಸಿ ಅಗಲಿಸಿದರು. ಆದರೆ ಹೀಗೆ ಅಗಲಿಸಿದ ಕವಾಟಗಳು ಕೆಲವೇ ತಿಂಗಳಲ್ಲಿ ಮತ್ತೆ ಬಿಗಿಯಾಗುತ್ತಿದ್ದವು. ಅಲ್ಲೇ ಹೊಸದನ್ನು ಕೂರಿಸಿದರೆ ಹೇಗೆ? 2002ರ ಏಪ್ರಿಲ್ 16ರಂದು, ಶಸ್ತ್ರಚಿಕಿತ್ಸೆ ತಾಳಲಾರದ 57 ವರ್ಷದ ರೋಗಿಯಲ್ಲಿ ಅದನ್ನು ಮಾಡಿಯೇ ತೋರಿಸಿದರು.

ಲೋಹದ ಬಲೆಗೆ ದನದ ಅಥವಾ ಹಂದಿಯ ಹೃದಯದ ಹೊರಪೊರೆ ಹೊಲಿದು ಮಾಡಿದ ಕವಾಟವಿದು. ಮಡಿಸಿದ ಕೊಡೆಯಂತೆ ಅದನ್ನು ಮುದುರಿ, ಸಾಮಾನ್ಯವಾಗಿ ತೊಡೆಸಂದಿನ ರಕ್ತನಾಳದ ಮೂಲಕ ಹೃದಯಕ್ಕೆ ಒಯ್ದು ಅರಳಿಸುತ್ತಾರೆ. ಹಳೆಯ ಕವಾಟ ಬದಿಗೆ ಒತ್ತಿಕೊಳ್ಳುತ್ತದೆ. ಹೃದಯ ನಿಲ್ಲಿಸಬೇಕಿಲ್ಲ. ಅತ್ತೆ ಮರುದಿನವೇ ಎದ್ದು ನಡೆದರು.

ಎಲ್ಲರಿಗೂ ಇದೇ ಸರಿಯೆಂದಲ್ಲ. ಪಾರ್ಶ್ವವಾಯುವಿನ ಅಪಾಯವಿದೆ, ಕೆಲವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ, ಖರ್ಚೂ ಹೆಚ್ಚು. ಚಿಕ್ಕ ವಯಸ್ಸಿನವರಿಗೆ ಸಾಮಾನ್ಯವಾಗಿ ತೆರೆದ ಶಸ್ತ್ರಚಿಕಿತ್ಸೆಯೇ ಮೇಲು.

ಮಕ್ಕಳೇ, ಅಜ್ಜ ಅಜ್ಜಿ ಮೆಟ್ಟಿಲಲ್ಲಿ ನಿಂತು ನಿಂತು ಹತ್ತುತ್ತಿದ್ದಾರೆಯೇ? ‘ವಯಸ್ಸಾಯಿತಲ್ಲ’ ಎಂದು ಅವರು ನಕ್ಕರೂ ನೀವು ಸುಮ್ಮನಿರಬೇಡಿ. ಅಪ್ಪ ಅಮ್ಮನಿಗೆ ಹೇಳಿ. ಸ್ಟೆತಸ್ಕೋಪ್ ಎದೆಗಿಟ್ಟರೆ ವೈದ್ಯರಿಗೆ ಮೊದಲ ಸುಳಿವು ಅಲ್ಲೇ ಸಿಗಬಹುದು.