ಶಾಲೆಗೆ ರೌಟರ್ ಟೇಬಲ್ ಕೊಳ್ಳುವ ಮುನ್ನ

ಶಾಲೆಯ ಮರಗೆಲಸದ ಕೋಣೆಗೆ ರೌಟರ್ ಟೇಬಲ್ ತರಬೇಕು, ಯಾವುದು ಒಳ್ಳೆಯದು ಸಾರ್ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು: ನಿಮ್ಮೂರಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟು ಹೋಗಿ ಬರುತ್ತದೆ? ಆ ಕಡೆಯವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಎಚ್‌ಪಿ ಎಷ್ಟಿರಬೇಕು, ಯಾವ ಕಂಪನಿ, ರೇಟು ಎಷ್ಟು ಎಂಬ ಮಾತಿಗೆ ಅವರು ಕಾದಿರುತ್ತಾರೆ.

ಮಲೆನಾಡಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸುವುದು ನನ್ನ ಕೆಲಸ. ಅದಕ್ಕೂ ಮುಂಚೆ ಐಟಿಐಯಲ್ಲಿ ಕಾರ್ಪೆಂಟರ್ ಟ್ರೇಡಿಗೆ ಪಾಠ ಮಾಡುತ್ತಿದ್ದೆ. ನಮ್ಮ ಕಡೆ ಜೂನ್ ಬಂತೆಂದರೆ ಲೈನಿನ ಮೇಲೆ ಮರ ಬೀಳುವುದು, ಕರೆಂಟು ಹೋಗುವುದು, ಬಂದು ಮತ್ತೆ ಹೋಗುವುದು ಮಾಮೂಲು. ರೌಟರ್ ಓಡುತ್ತಿರುವಾಗ ಹಾಗಾಯಿತು ಅಂದುಕೊಳ್ಳಿ. ಸದ್ದು ನಿಂತಿತು. ಹದಿನಾಲ್ಕು ವರ್ಷದ ಹುಡುಗನ ಮಟ್ಟಿಗೆ ಸದ್ದು ನಿಂತರೆ ಯಂತ್ರ ಆಫ್ ಆದ ಹಾಗೆಯೇ. ಬಗ್ಗಿ ನೋಡುತ್ತಾನೆ, ಮರ ಕೊರೆಯುವ ಬಿಟ್ಟಿನ ಸುತ್ತ ಸಿಕ್ಕಿಕೊಂಡ ಹೊಟ್ಟನ್ನು ಬೆರಳಿನಿಂದ ಕೆದಕುತ್ತಾನೆ. ಅಷ್ಟರಲ್ಲಿ ಕರೆಂಟು ಬಂತು.

ಹಾಗೆ ಬಂದಾಗ ಯಂತ್ರ ತಾನಾಗಿ ತಿರುಗುತ್ತದೋ ಇಲ್ಲವೋ ಎಂಬುದು ಸ್ವಿಚ್ಚಿಗೆ ಬಿಟ್ಟಿದ್ದು. ಕೈಯಲ್ಲಿ ಹಿಡಿಯುವ ರೌಟರನ್ನು ಟೇಬಲ್ಲಿನ ಅಡಿಗೆ ತಲೆಕೆಳಗಾಗಿ ಕೂರಿಸುವಾಗ ಅದರ ಸ್ವಿಚ್ಚನ್ನು ಆನ್ ಮಾಡಿ ಲಾಕ್ ಹಾಕಿಬಿಡುತ್ತಾರೆ. ಆಮೇಲೆ ಗೋಡೆಯ ಪ್ಲಗ್ಗೇ ಸ್ವಿಚ್ಚು. ಇಂಥ ಟೇಬಲ್ ಶಾಲೆಯೊಳಕ್ಕೆ ಬರಕೂಡದು. ಬೇಕಾದದ್ದು ನೋ-ವೋಲ್ಟ್ ಸ್ವಿಚ್. ತೋಟದ ಪಂಪ್‌ಸೆಟ್ ನೋಡಿದವರಿಗೆ ಇದು ಗೊತ್ತಿರುವ ವಿಷಯವೇ. ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದಾಗ ಒಳಗಿನ ಕಾಯಿಲ್ ಸಂಪರ್ಕವನ್ನು ಹಿಡಿದುಕೊಳ್ಳುತ್ತದೆ. ಕರೆಂಟು ಹೋದರೆ ಹಿಡಿತ ಬಿಡುತ್ತದೆ. ಮತ್ತೆ ಯಾರಾದರೂ ಬಂದು ಒತ್ತುವ ತನಕ ಮೋಟಾರು ಏಳುವುದಿಲ್ಲ. ರಾತ್ರಿ ಎದ್ದು ತೋಟಕ್ಕೆ ಹೋಗುವುದು ತಪ್ಪಲಿ ಎಂದು ರೈತರು ಇದಕ್ಕೆ ಆಟೋ ಸ್ಟಾರ್ಟರ್ ಕಟ್ಟಿಸುತ್ತಾರೆ. ಶಾಲೆಯಲ್ಲಿ ಕರೆಂಟು ಎಷ್ಟು ಸಲ ಬಂದರೂ ಮೇಷ್ಟ್ರು ಒತ್ತದೆ ಯಂತ್ರ ಅಲುಗಕೂಡದು.

ಸ್ವಿಚ್ಚು ಟೇಬಲ್ಲಿನ ಮುಂಭಾಗದಲ್ಲೇ ಇರಬೇಕು. ಅದರ ಮೇಲೆ ಅಂಗೈಯಗಲದ ಕೆಂಪು ತಟ್ಟೆ ಇದ್ದರೆ ಎರಡೂ ಕೈ ಮರದ ಮೇಲಿದ್ದಾಗ ತೊಡೆಯಿಂದ ತಳ್ಳಿ ನಿಲ್ಲಿಸಬಹುದು. ಅಂಗಡಿಯಲ್ಲಿ ಪರೀಕ್ಷೆ ಸುಲಭ. ಬಿಟ್ ಹಾಕದೆ ಯಂತ್ರ ಓಡಿಸಿ, ಗೋಡೆಯ ಸ್ವಿಚ್ ಆಫ್ ಮಾಡಿ ಆನ್ ಮಾಡಿ. ತಾನಾಗಿ ತಿರುಗಿತೋ, ಮುಂದಿನ ಟೇಬಲ್ ತೋರಿಸಿ ಎನ್ನಿ. ಆ ಸ್ವಿಚ್ಚಿನ ಹಿಂದೆ ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಕಬ್ಬಿಣದ ಸ್ಟ್ಯಾಂಡಿಗೆ ಸರಿಯಾದ ಅರ್ಥಿಂಗ್ ಇರಲೇಬೇಕು.

ಇಷ್ಟಕ್ಕೂ ಈ ಯಂತ್ರ ಮಾಡುವುದೇನು? ಇಂಟರ್ನೆಟ್ಟಿಗೆ ಹಾಕುವ ಡಬ್ಬಿಯ ಮಾತಲ್ಲ ಇದು. ವೇಗವಾಗಿ ತಿರುಗುವ ಮೋಟಾರು, ಅದರ ತುದಿಯಲ್ಲಿ ಬಿಟ್ಟನ್ನು ಕಚ್ಚಿ ಹಿಡಿಯುವ ಕಾಲೆಟ್. ಮೇಜಿನ ಅಂಚು ದುಂಡಗೆ ಮಾಡುವುದು, ಫೋಟೊ ಫ್ರೇಮಿನ ಹಿಂದೆ ಗಾಜು ಕೂರುವ ಮೆಟ್ಟಿಲು ತೆಗೆಯುವುದು, ಡ್ರಾಯರಿನ ತಳಕ್ಕೆ ಗ್ರೂವ್ ಹೊಡೆಯುವುದು ಎಲ್ಲ ಇದರ ಕೆಲಸ. ಬಡಗಿಗಳು ರೌಟರನ್ನು ಕೈಯಲ್ಲಿ ಹಿಡಿದು ಮರದ ಮೇಲೆ ಓಡಿಸುತ್ತಾರೆ. ಟೇಬಲ್ಲಿನಲ್ಲಿ ಯಂತ್ರ ನಿಂತಲ್ಲೇ ಇರುತ್ತದೆ, ಮರ ಚಲಿಸುತ್ತದೆ. ಮೂರು ನಾಲ್ಕು ಕಿಲೋ ತೂಕದ ಯಂತ್ರ ಹಿಡಿಯಲು ಕೈಯಲ್ಲಿ ಕಸುವಿಲ್ಲದ ಮಕ್ಕಳಿಗೆ ಇದೇ ವಾಸಿ. ಆದರೆ ಬಿಟ್ಟು ಬೆರಳಿನ ಮಟ್ಟದಲ್ಲೇ ಮೇಲೆ ಎದ್ದು ನಿಂತಿರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಅದರ ವೇಗ ಮಕ್ಕಳಿಗೆ ಮನದಟ್ಟಾಗಲಿ ಎಂದು ನಾನು ಬೋರ್ಡಿನ ಮೇಲೆ ಲೆಕ್ಕ ಮಾಡಿಸುತ್ತೇನೆ. 25 ಮಿ.ಮೀ ಅಗಲದ ಬಿಟ್ಟು ನಿಮಿಷಕ್ಕೆ 24,000 ಸುತ್ತು ತಿರುಗಿದರೆ ಅದರ ಅಲಗಿನ ವೇಗ ಎಷ್ಟು? ಸುತ್ತಳತೆ ಸುಮಾರು 78.5 ಮಿ.ಮೀ. ಗುಣಿಸಿದರೆ ಗಂಟೆಗೆ 113 ಕಿ.ಮೀ. ಅದೇ ವೇಗದಲ್ಲಿ 75 ಮಿ.ಮೀ ಬಿಟ್ಟು ಹಾಕಿದರೆ ಗಂಟೆಗೆ 339 ಕಿ.ಮೀ ಆಗುತ್ತದೆ. ಇಲ್ಲಿ ತರಗತಿ ಗಪ್‌ಚಿಪ್. ಅಂಥ ದೊಡ್ಡ ಬಿಟ್ಟನ್ನು 10,000 ಸುತ್ತಿನ ಆಸುಪಾಸಿಗೆ ಇಳಿಸಿಯೇ ಓಡಿಸಬೇಕು. ಹಾಗಾಗಿ ವೇಗ ಹೆಚ್ಚು ಕಡಿಮೆ ಮಾಡಲಾಗದ ರೌಟರು, ಎಷ್ಟೇ ಅಗ್ಗವಾಗಿ ಸಿಗಲಿ, ಶಾಲೆಗೆ ಬೇಡ. ಒಮ್ಮೆಲೇ ಜಗ್ಗದೆ ನಿಧಾನವಾಗಿ ವೇಗ ಪಡೆಯುವ ಸಾಫ್ಟ್ ಸ್ಟಾರ್ಟ್ ಕೂಡ ಇರಲಿ. ನಮ್ಮ ಕೋಣೆಯಲ್ಲಂತೂ 40 ಮಿ.ಮೀ ದಾಟಿದ ಬಿಟ್ಟನ್ನೇ ಇಟ್ಟಿಲ್ಲ.

ಕಾಲೆಟ್ಟಿನ ವಿಷಯ ಅಂಗಡಿಯವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ನಮ್ಮ ಮಾರುಕಟ್ಟೆಯಲ್ಲಿ ಇಂಚಿನ ಬಿಟ್ಟೂ ಇದೆ, ಮಿಲಿಮೀಟರಿನ ಬಿಟ್ಟೂ ಇದೆ. ಅರ್ಧ ಇಂಚು ಅಂದರೆ 12.7 ಮಿ.ಮೀ. ಅದರ ಪಕ್ಕದಲ್ಲೇ 12 ಮಿ.ಮೀ ಬಿಟ್ಟು ಸಿಗುತ್ತದೆ. ಕಣ್ಣಿಗೆ ಎರಡೂ ಒಂದೇ. ಕಾಲು ಇಂಚಿಗೂ (6.35) 6 ಮಿ.ಮೀಗೂ ಇದೇ ಕಥೆ. ಅರ್ಧ ಇಂಚಿನ ಕಾಲೆಟ್ಟಿಗೆ 12 ಮಿ.ಮೀ ಬಿಟ್ಟು ಹಾಕಿ ನಟ್ಟು ಬಿಗಿದರೆ ಹಿಡಿದ ಹಾಗೆ ಕಾಣುತ್ತದೆ. ಓಡುವಾಗ ಜಾರಿ ಮೇಲೆ ಬರುತ್ತದೆ, ಇಲ್ಲವೇ ಹಾರುತ್ತದೆ. ಶಾಲೆ ಒಂದೇ ಅಳತೆಗೆ ಅಂಟಿಕೊಳ್ಳಬೇಕು. ನಮ್ಮಲ್ಲಿ ಎಲ್ಲವೂ ಅರ್ಧ ಇಂಚು. ದಾನಿಗಳು ಪ್ರೀತಿಯಿಂದ ಬೇರೆ ಅಳತೆಯ ಸೆಟ್ ಕೊಟ್ಟರೂ ಕೈ ಮುಗಿದು ವಾಪಸ್ ಕಳಿಸುತ್ತೇವೆ. ಬಿಟ್ಟಿನ ಕಾಂಡ ಮುಕ್ಕಾಲು ಭಾಗವಾದರೂ ಕಾಲೆಟ್ಟಿನೊಳಗೆ ಇಳಿಯಬೇಕು. ತಳ ಮುಟ್ಟಿಸಿ ಎರಡು ಮೂರು ಮಿ.ಮೀ ಮೇಲೆತ್ತಿ ಆಮೇಲೆ ಬಿಗಿಯಬೇಕು. ಬಿಟ್ ಬದಲಿಸುವಾಗ ಪ್ಲಗ್ ಕಿತ್ತು, ಅದರ ತುದಿ ಕಣ್ಣೆದುರು ಟೇಬಲ್ಲಿನ ಮೇಲೆ ಇರಬೇಕು.

ಇನ್ನು ಮರ ತಳ್ಳುವ ದಿಕ್ಕು. ಟೇಬಲ್ಲಿನ ಮುಂದೆ ನಿಂತು ಮೇಲಿನಿಂದ ನೋಡಿದರೆ ಬಿಟ್ಟು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಫೆನ್ಸಿಗೆ, ಅಂದರೆ ಮರ ಆನಿಕೊಂಡು ಸಾಗುವ ನೆಟ್ಟನೆಯ ಪಟ್ಟಿಗೆ ಒತ್ತಿ ಮರವನ್ನು ಬಲದಿಂದ ಎಡಕ್ಕೇ ತಳ್ಳಬೇಕು. ಆಗ ಬಿಟ್ಟು ಮರವನ್ನು ಎದುರಿಸುತ್ತದೆ, ಹತೋಟಿ ನಮ್ಮ ಕೈಯಲ್ಲಿರುತ್ತದೆ. ಎಡದಿಂದ ಬಲಕ್ಕೆ ತಳ್ಳಿದರೆ ಬಿಟ್ಟು ಮರವನ್ನು ಕೈಯಿಂದ ಕಿತ್ತುಕೊಂಡು ಎಸೆಯುತ್ತದೆ, ಒತ್ತುತ್ತಿದ್ದ ಕೈ ನೇರ ಅಲಗಿನ ಕಡೆಗೆ ಹೋಗುತ್ತದೆ. ಬಿಟ್ಟಿಗೂ ಫೆನ್ಸಿಗೂ ನಡುವಿನ ಸಂದಿಯಲ್ಲಿ ಮರ ತೂರಿಸಿದರೂ ಇದೇ ಗತಿ. ನಮ್ಮ ಟೇಬಲ್ಲಿನ ಮೇಲೆ ಹಳದಿ ಬಣ್ಣದಲ್ಲಿ ದೊಡ್ಡ ಬಾಣ ಬರೆಸಿದ್ದೇನೆ.

ಮೊನ್ನೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸಿಲ್ವರ್ ಓಕಿನ ಫೋಟೊ ಫ್ರೇಮ್ ಮಾಡಿದಳು. ಕಾಫಿ ತೋಟದ ನೆರಳಿನ ಮರ ಅದು, ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಮಕ್ಕಳ ಕೈಗೂ ಒಗ್ಗುತ್ತದೆ. ಫ್ರೇಮಿನ ಪಟ್ಟಿ ಎರಡು ಬೆರಳಿನಷ್ಟು ಅಗಲ. ಅಂಥ ಸಣಕಲು ಪಟ್ಟಿಯನ್ನು ಟೇಬಲ್ಲಿಗೆ ತರುವ ಹಾಗಿಲ್ಲ. ಅಗಲವಾದ ಹಲಗೆಯ ಅಂಚಿಗೆ ಮೋಲ್ಡಿಂಗ್ ತೆಗೆದು, ಆಮೇಲೆ ಗರಗಸದಲ್ಲಿ ಪಟ್ಟಿ ಸೀಳಿಕೊಳ್ಳಬೇಕು. 300 ಮಿ.ಮೀಗಿಂತ ಗಿಡ್ಡ ಮರ ನಮ್ಮಲ್ಲಿ ಟೇಬಲ್ ಏರುವುದಿಲ್ಲ. ಅವಳು ಮೂರು ಸಲಕ್ಕೆ ಹಂಚಿ, ಸಲಕ್ಕೆ ಮೂರು ಮಿ.ಮೀಯಂತೆ ಕೊರೆದಳು. ನಡುವೆ ಒಂದು ಗಂಟು ಸಿಕ್ಕಿತು. ಯಂತ್ರದ ದನಿ ಅರೆಕ್ಷಣ ಕೆಳಗಿಳಿಯಿತು. ಅವಳು ತಡೆಯಲೂ ಇಲ್ಲ, ನೂಕಲೂ ಇಲ್ಲ, ತಳ್ಳುವ ವೇಗವನ್ನು ತುಸು ಇಳಿಸಿ ಹಾಗೇ ದಾಟಿಸಿದಳು. ನಿಂತಿದ್ದರೆ ಅಲ್ಲಿ ಕಂದು ಸುಟ್ಟ ಕಲೆ ಬೀಳುತ್ತಿತ್ತು. ಬಿಟ್ಟಿನ ಮೇಲೆ ಪಾರದರ್ಶಕ ಗಾರ್ಡ್, ಮರ ಫೆನ್ಸಿಗೆ ಒತ್ತಿಕೊಂಡೇ ಇರಲು ಬಾಚಣಿಗೆ ಹಲ್ಲಿನ ಫೆದರ್ ಬೋರ್ಡ್, ಮರ ತಳ್ಳಲು ಕೈಯಲ್ಲಿ ಪುಶ್ ಬ್ಲಾಕ್ ಇದ್ದವು. ಅವಳ ಬೆರಳು ಒಮ್ಮೆಯೂ ಬಿಟ್ಟಿನ ಒಂದು ಗೇಣಿನೊಳಗೆ ಬರಲಿಲ್ಲ. ಈ ಮೂರು ಸಾಮಾನು ಟೇಬಲ್ಲಿನ ಜೊತೆಗೇ ಬರುತ್ತವೆಯೇ ಎಂದು ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ.

ಟೇಬಲ್ಲಿನ ಮೈ ಯಾವುದರದ್ದು ಎಂಬುದನ್ನು ಊರಿನ ಹವೆ ನೋಡಿ ತೀರ್ಮಾನಿಸಬೇಕು. ಎರಕದ ಕಬ್ಬಿಣ ಗಟ್ಟಿ, ಅಲುಗುವುದಿಲ್ಲ. ಬಯಲುಸೀಮೆಗೆ ಅದೇ ಉತ್ತಮ. ನಮ್ಮಲ್ಲಿ ಮಳೆಗಾಲದಲ್ಲಿ ದಿನ ಬಿಟ್ಟು ದಿನ ಮೇಣ ಉಜ್ಜದಿದ್ದರೆ ತುಕ್ಕು ಹಿಡಿಯುತ್ತದೆ. ಎಂಡಿಎಫ್ ತೇವ ಕುಡಿದು ಉಬ್ಬುತ್ತದೆ. ಮಲೆನಾಡು, ಕರಾವಳಿಗೆ ಫೆನಾಲಿಕ್ ಹಲಗೆ ಒಳ್ಳೆಯದು. ಅದು ಕೈಗೆಟುಕದಿದ್ದರೆ ಐಎಸ್ 710 ಮುದ್ರೆಯ ಮರೀನ್ ಪ್ಲೈಯ ಎರಡು ಪದರ ಅಂಟಿಸಿ, ಮೇಲೂ ಕೆಳಗೂ ಲ್ಯಾಮಿನೇಟ್ ಹಾಕಿಸಿ, ಊರಿನ ವೆಲ್ಡರ್ ಹತ್ತಿರ ಸ್ಟ್ಯಾಂಡ್ ಮಾಡಿಸಿಕೊಳ್ಳಬಹುದು. ಒಂದೇ ಕಡೆ ಲ್ಯಾಮಿನೇಟ್ ಹಾಕಿದರೆ ಹಲಗೆ ಬಾಗುತ್ತದೆ. ಮೈ ಸಮತಟ್ಟಾಗಿದೆಯೇ ನೋಡಲು ಉಕ್ಕಿನ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬಿಟ್ಟರೆ ತಗ್ಗು ಎಲ್ಲಿದೆ ಎಂಬುದನ್ನು ಬೆಳಕೇ ತೋರಿಸುತ್ತದೆ. ರೌಟರ್ ಕೂರುವ ಪ್ಲೇಟಿನ ಅಂಚಿನ ಮೇಲೆ ಉಗುರು ಎಳೆಯಿರಿ, ಸಿಕ್ಕಿಕೊಳ್ಳಬಾರದು. ಬಿಟ್ಟಿನ ಸುತ್ತಲಿನ ತೂತು ಚಿಕ್ಕದು ಮಾಡುವ ಬಳೆಗಳು ಇರಬೇಕು. ಮೇಜಿನ ಮೇಲಿಡುವ ಪುಟ್ಟ ಟೇಬಲ್ ಕೊಂಡರೆ ಬೋಲ್ಟ್ ಹಾಕಿ ಭದ್ರ ಮಾಡದೆ ಒಂದು ದಿನವೂ ಓಡಿಸಬೇಡಿ.

ಬಾಳಿಕೆ ಬಗ್ಗೆ ಹೇಳುವುದಾದರೆ, ತಲೆಕೆಳಗಾಗಿ ತೂಗುವ ಮೋಟಾರಿನ ಬಾಯಿಗೆ ಹೊಟ್ಟೆಲ್ಲ ಬೀಳುತ್ತದೆ. ಹೆಚ್ಚಿನ ರೌಟರುಗಳು ಕೆಡುವುದು ಇದರಿಂದಲೇ. ಕಾರ್ಬನ್ ಬ್ರಷ್, ಬೇರಿಂಗ್, ಕಾಲೆಟ್ ಸವೆಯುವ ಭಾಗಗಳು. ಅವು ನಿಮ್ಮ ಜಿಲ್ಲಾ ಕೇಂದ್ರದಲ್ಲೇ ಸಿಗುವ ಕಂಪನಿಯ ರೌಟರ್ ಕೊಳ್ಳಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದ ಹೆಸರಿಲ್ಲದ ಯಂತ್ರಕ್ಕೆ ಒಂದು ಕಾಲೆಟ್ ಹುಡುಕಲು ಬೆಂಗಳೂರಿನ ಎಸ್‌ಜೆಪಿ ರಸ್ತೆ ಪೂರ್ತಿ ಅಲೆದರೂ ಸಿಗದೆ ಬಂದವರು ನನಗೆ ಗೊತ್ತು. ಇನ್ನು ಮೋಟಾರಿನ ಶಕ್ತಿ: 1,400ರಿಂದ 1,800 ವ್ಯಾಟ್ ಶಾಲೆಗೆ ಧಾರಾಳ.

ಹೊಟ್ಟು ಮೋಟಾರನ್ನಷ್ಟೇ ಕೆಡಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಎಂಡಿಎಫಿನ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಕೂಡ ಅದೇ ಪಟ್ಟಿಯಲ್ಲಿದೆ. ನಾನು ಮಕ್ಕಳಿಗೆ ಎಂಡಿಎಫ್ ಕೊಡುವುದೇ ಇಲ್ಲ. ಫೆನ್ಸಿನ ಹಿಂದೆ ಒಂದು, ಟೇಬಲ್ಲಿನ ಕೆಳಗೆ ಒಂದು, ಎರಡೂ ಕಡೆಯಿಂದ ದೂಳು ಎಳೆಯುವ ಯಂತ್ರ ಬೇಕು; ಮಾಸ್ಕ್ ಅದರ ಜೊತೆಗೆ, ಅದರ ಬದಲಿಗಲ್ಲ. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್. 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು, ಅಲ್ಲಿಂದ ಪ್ರತಿ ಮೂರು ಡೆಸಿಬಲ್ ಏರಿದಂತೆ ಅವಧಿ ಅರ್ಧಕ್ಕೆ ಇಳಿಯುತ್ತದೆ ಎಂಬುದು ಶ್ರವಣ ತಜ್ಞರು ಒಪ್ಪಿದ ಲೆಕ್ಕ. ರೌಟರ್ ಈ ಮಿತಿಯನ್ನು ಸಲೀಸಾಗಿ ದಾಟುತ್ತದೆ. ಟೈ, ಐಡಿ ಕಾರ್ಡಿನ ದಾರ, ವೇಲು, ಬಿಟ್ಟ ಕೂದಲು, ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ದಾರ ಎಲ್ಲ ಬಾಗಿಲ ಹೊರಗೆ. ಗ್ಲೌಸ್ ಅಂತೂ ಬೇಡವೇ ಬೇಡ, ಅದು ಸಿಕ್ಕಿಕೊಂಡರೆ ಕೈಯನ್ನೂ ಒಳಗೆಳೆಯುತ್ತದೆ.

ಈಗ ಶಾಲೆಗಳಲ್ಲಿ ಯಂತ್ರದ ಮಾತು ಹೆಚ್ಚಾಗಿದೆ, ಅದು ಸಂತೋಷವೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕಲಿಯಲಿ ಎನ್ನುತ್ತದೆ. ಅಟಲ್ ಟಿಂಕರಿಂಗ್ ಲ್ಯಾಬಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತಾ ಬಂದಿದೆ. ಹಣ ಬಂದಾಗ ಯಂತ್ರ ಬರುತ್ತದೆ. ಅದರ ಪಕ್ಕ ನಿಲ್ಲುವವರು ಬರುತ್ತಾರೆಯೇ ಎಂಬುದು ನನ್ನ ಆತಂಕ. 1948ರ ಕಾರ್ಖಾನೆ ಕಾಯ್ದೆಯ 23ನೇ ಸೆಕ್ಷನ್, ಅಪಾಯದ ಯಂತ್ರದ ಮುಂದೆ 18 ತುಂಬದವರನ್ನು ನಿಲ್ಲಿಸುವ ಮೊದಲು ಅಪಾಯವೇನೆಂದು ಪೂರ್ತಿ ತಿಳಿಸಿರಬೇಕು, ತರಬೇತಿ ಕೊಟ್ಟಿರಬೇಕು ಇಲ್ಲವೇ ಬಲ್ಲವರೊಬ್ಬರು ನೋಡಿಕೊಳ್ಳುತ್ತಿರಬೇಕು ಎಂದಿತು. ಶಾಲೆ ಕಾರ್ಖಾನೆಯಲ್ಲ. ಆದರೂ ಕೂಲಿಗೆ ದುಡಿಯುವ ಹುಡುಗನಿಗೆ ಕಾನೂನು ಕೊಟ್ಟ ಕಾವಲು ನಮ್ಮ ವಿದ್ಯಾರ್ಥಿಗೆ ಸಿಗದಿರುವುದು ಯಾವ ನ್ಯಾಯ? ನಮ್ಮಲ್ಲಿ ಯಂತ್ರದ ಮುಂದೆ ಒಂದು ಮಗು, ಪಕ್ಕದಲ್ಲಿ ನಾನು, ಉಳಿದವರು ನೆಲದ ಹಳದಿ ಗೆರೆಯಾಚೆ. ಎಂಟನೇ ತರಗತಿಯವರೆಗೆ ಟೇಬಲ್ ಮುಟ್ಟಲು ಬಿಡುವುದಿಲ್ಲ.

ಮುಖ್ಯೋಪಾಧ್ಯಾಯರಿಗೂ ಎಸ್‌ಡಿಎಂಸಿ ಸದಸ್ಯರಿಗೂ ಒಂದು ಮಾತು. ಬಜೆಟ್ಟಿನಲ್ಲಿ ಮೊದಲು ಸ್ವಿಚ್ಚು, ಗಾರ್ಡು, ದೂಳು ಎಳೆಯುವ ಯಂತ್ರ ಮತ್ತು ಮೇಷ್ಟ್ರ ತರಬೇತಿಗೆ ಹಣ ತೆಗೆದಿಡಿ, ಉಳಿದದ್ದರಲ್ಲಿ ರೌಟರ್ ಕೊಳ್ಳಿ. ಉಳಿಯದಿದ್ದರೆ ಈ ವರ್ಷ ಟೇಬಲ್ ಬೇಡ. ಆ ದುಡ್ಡಿಗೆ ಇಡೀ ತರಗತಿಗಾಗುವಷ್ಟು ಒಳ್ಳೆಯ ಹತ್ತರಿ, ಉಳಿ, ಗರಗಸ ಬರುತ್ತವೆ, ಮಕ್ಕಳು ಅದರಲ್ಲೂ ಚೆಂದದ ಫ್ರೇಮ್ ಮಾಡುತ್ತಾರೆ.